ಬಾಣಂತನಕ್ಕೆ ಬಂದವಳು

ಎದುರು ಮನೆಯ ಮುಂದೆ ಬೆಳಗಿನಿಂದ ನಿಂತಿದ್ದ ಬಿಳಿ ವ್ಯಾನು ಯಾರದೆಂದು ಅತಿಯಾಳಿಗೆ ತಿಳಿಯುತ್ತಿರಲಿಲ್ಲ. ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಾ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ವ್ಯಾನಿನ ಮೈಮೇಲೆ ಯಾವ ಕಂಪನಿಯ ಹೆಸರೂ ಇರಲಿಲ್ಲ, ಕಿಟಕಿಗಳಿಗೆ ಕಪ್ಪು ಗಾಜು. ಇಂಥ ವ್ಯಾನುಗಳ ಫೋಟೋ ಈಚೆಗೆ ಎಲ್ಲರ ಫೋನಿನಲ್ಲೂ ಓಡಾಡುತ್ತಿದ್ದವು. ವಲಸೆ ಇಲಾಖೆಯವರು ಇಂಥ ಕಡೆ ಬಂದಿದ್ದಾರಂತೆ, ಇಷ್ಟು ಜನರನ್ನು ಎತ್ತಿಕೊಂಡು ಹೋದರಂತೆ, ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದರಂತೆ. ಎಲ್ಲವೂ ಅಂತೆಯೇ. ನೋಡಿದವರು ಯಾರೂ ಇರಲಿಲ್ಲ, ಹೆದರಿದವರು ಮಾತ್ರ ಬೇಕಾದಷ್ಟು ಜನ ಇದ್ದರು. ಸಿಯಾಟಲ್ ಪಕ್ಕದ ನ್ಯೂಕ್ಯಾಸಲ್ಲಿನ ಈ ಬೀದಿಯಲ್ಲಿ ಶನಿವಾರ ಬೆಳಿಗ್ಗೆ ಮನುಷ್ಯರು ತಾವಾಗಿ ಹೊರಗೆ ಬರುವುದಿಲ್ಲ, ನಾಯಿಗಳು ಅವರನ್ನು ಎಳೆದು ತರುತ್ತವೆ. ಊರಿನ ಕೆಳಗೆಲ್ಲ ಹಳೆಯ ಕಲ್ಲಿದ್ದಲ ಗಣಿಗಳಿವೆ, ನೆಲ ಅಲ್ಲಲ್ಲಿ ಪೊಳ್ಳು. ಮನೆ ತೋರಿಸಿದ ಏಜೆಂಟ್ ಹೆಂಗಸು ಅದನ್ನು ಊರಿನ ಹೆಮ್ಮೆ ಎಂಬಂತೆ ಹೇಳಿದಾಗ ಗಂಡ ಸರ್ಫರಾಜ್, "ಹಾಗಾದ್ರೆ ಬೇಸ್‌ಮೆಂಟ್ ಫ್ರೀ ಅನ್ನಿ" ಎಂದು ನಗಿಸಿದ್ದ. ಅವನು ಎಲ್ಲಿಯೂ ನಗಿಸುತ್ತಾನೆ. ಈಗ ಗೆಳೆಯ ಗಗನ್ ಜೊತೆ ಬ್ಯಾಡ್ಮಿಂಟನ್ ಆಡಲು ರೆಡ್ಮಂಡಿಗೆ ಹೋಗಿದ್ದಾನೆ, ಮಧ್ಯಾಹ್ನದ ಊಟಕ್ಕೆ ಮುಂಚೆ ಬರುವುದಿಲ್ಲ. ಅವನು ಬರುವ ಮುಂಚೆ ಇದನ್ನು ಮುಗಿಸಿಬಿಡಬೇಕು ಎಂದುಕೊಂಡ ಕೂಡಲೇ ಅತಿಯಾಳಿಗೆ ನಾಚಿಕೆಯಾಯಿತು. ಮುಗಿಸುವುದು ಎಂದರೇನು, ಅಂಪಾರೊ ಏನು ಪಾತ್ರೆಯೇ ತೊಳೆದಿಡುವುದಕ್ಕೆ.

ಅಂಪಾರೊ ಫೋನ್ ಮಾಡಿದ್ದು ಆಗತಾನೆ. ಎಂಟು ತಿಂಗಳ ಮೇಲೆ ಆ ದನಿ ಕೇಳಿದ್ದು. ಮೊದಲು ಸ್ವಲ್ಪ ಕೆಮ್ಮಿದಳು, ಆಮೇಲೆ ಹಳೆಯ ಗಟ್ಟಿ ಸ್ಪ್ಯಾನಿಷಿನಲ್ಲಿ, ಏನೂ ಆಗಿಲ್ಲವೆಂಬಂತೆ ಮಾತಾಡಿದಳು.

"ಮುಂದಿನ ವಾರ ಊರಿಗೆ ಹೊರಟೆ ಮಗಳೇ. ಯಾರೂ ಓಡಿಸ್ತಿಲ್ಲ, ನಾನಾಗೇ ಹೋಗ್ತಿದೀನಿ. ಮೊಮ್ಮಗ, ನಮ್ಮ ಯೆಸೇನಿಯಾ ಮಗು, ಈಗ ಓಡಾಡ್ತಾನೆ, ಅವನ ಎದೆಯಲ್ಲಿ ಹೊಲಿಗೆ ಗುರುತು ಬಿಟ್ರೆ ಇನ್ನೇನೂ ಇಲ್ಲ. ಹೋಗೋ ಮುಂಚೆ ನಿನ್ನ ಪುಟ್ಟಿ ಅನಮ್‌ನ ಒಂದ್ಸಲ ನೋಡ್ಬೇಕು. ಇವತ್ತು ಕೆಲಸ ಇಲ್ಲ. ಬಸ್ಸಲ್ಲಿ ಬಂದುಬಿಡ್ತೀನಿ, ನಿಮ್ಮ ಮನೆ ದಾರಿ ಮರೆತಿಲ್ಲ."

"ಮನೆ ಬೇಡ ದೋನ್ಯಾ ಅಂಪಾರೊ," ಎಂದಳು ಅತಿಯಾ, ವ್ಯಾನನ್ನೇ ನೋಡುತ್ತಾ. "ಮನೇಲಿ ಏನೋ ರಿಪೇರಿ ನಡೀತಿದೆ, ಕೂರೋಕೂ ಜಾಗ ಇಲ್ಲ. ಕೆಳಗೆ ದಿನಸಿ ಅಂಗಡಿ ಇದೆಯಲ್ಲ, ಅದರ ಪಾರ್ಕಿಂಗಲ್ಲಿ ಸಿಗೋಣ. ನಾನೇ ಅವಳನ್ನ ಕರ್ಕೊಂಡು ಬರ್ತೀನಿ."

ಅಂಪಾರೊ ಮೂರ್ಖಳಲ್ಲ. "ಸರಿ," ಎಂದಳು. "ತಳ್ಳೋ ಗಾಡಿ ನಿಲ್ಸೋ ಚಪ್ಪರ ಇದೆಯಲ್ಲ, ಅದರ ಹತ್ರ ನಿಂತಿರ್ತೀನಿ. ಮಳೆ ಬಂದ್ರೂ ನೆನೆಯಲ್ಲ."

ಫೋನಿಟ್ಟ ಸ್ವಲ್ಪ ಹೊತ್ತಿಗೆ ವ್ಯಾನಿನಿಂದ ಇಬ್ಬರು ಇಳಿದು ಏಣಿ ತೆಗೆದರು. ಚಾವಣಿಯ ಪಾಚಿ ಕೆರೆಯುವವರು. ವರ್ಷಕ್ಕೊಮ್ಮೆ ಎಲ್ಲ ಮನೆಗೂ ಬರುತ್ತಾರೆ, ಇವಳ ಮನೆಗೂ ಬಂದಿದ್ದರು, ಕಾಫಿ ಕುಡಿದು ಹೋಗಿದ್ದರು. ಆಗಲಾದರೂ ಫೋನ್ ಮಾಡಿ ಮನೆಗೇ ಬನ್ನಿ ಎನ್ನಬಹುದಿತ್ತು. ಅನ್ನಲಿಲ್ಲ. ವ್ಯಾನಿಗೆ ಹೆದರಿ ಹಾಗೆ ಹೇಳಿದ್ದಲ್ಲವೆಂದು ಆಗ ಅವಳಿಗೆ ಅರ್ಥವಾಯಿತು, ಅರ್ಥವಾದದ್ದನ್ನು ಕೈ ಒರೆಸುವ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟಳು. ಬಾಗಿಲ ಮೇಲೆ ಸರ್ಫರಾಜ್ ಹಾಕಿಸಿದ ಕ್ಯಾಮೆರಾ ಇತ್ತು. ಬಂದವರ ಮುಖವನ್ನೆಲ್ಲ ಅದು ಅವನ ಫೋನಿಗೆ ಕಳಿಸುತ್ತಿತ್ತು.

ಹಿಂದೆ ಗಂಡಹೆಂಡತಿ ಕೊಲಂಬಿಯಾದ ಮೆಡೆಯಿನ್‌ನಲ್ಲಿ ಮೂರು ವರ್ಷ ಇದ್ದರು. ಕೊಲಂಬಿಯಾ ಎಂದ ಕೂಡಲೇ ಎದುರಿನವರ ಕಣ್ಣಲ್ಲಿ ಒಂದು ದೀಪ ಹತ್ತಿಕೊಳ್ಳುವುದನ್ನು ಅತಿಯಾ ಮೈಸೂರಿನಿಂದ ಸಿಯಾಟಲ್‌ವರೆಗೆ ನೋಡಿದ್ದಾಳೆ. ಸರ್ಫರಾಜನಿಗೆ ಅಮೆರಿಕದ ವೀಸಾ ಲಾಟರಿ ಹತ್ತದೆ ಹೋದಾಗ ಕಂಪನಿಯವರು, ಅಲ್ಲಿದ್ದು ಕೆಲಸ ಮಾಡು, ಗಡಿಯಾರ ಹೆಚ್ಚು ಕಡಿಮೆ ಒಂದೇ, ಆಮೇಲೆ ಕರೆಸಿಕೊಳ್ಳುತ್ತೇವೆ ಎಂದು ಕಳಿಸಿದ್ದರು. ಆಗ ಬೆಂಗಳೂರಿನ ಅವನ ಚಿಕ್ಕಪ್ಪ ಮನೆಮಂದಿಯನ್ನೆಲ್ಲ ಸೇರಿಸಿ, ಸಾಯುವವರನ್ನು ಬೀಳ್ಕೊಡುವ ಹಾಗೆ ಬೀಳ್ಕೊಟ್ಟಿದ್ದರು. ಹೋಗಿ ನೋಡಿದರೆ ಅದೊಂದು ಮೈಸೂರು, ಸುತ್ತ ಬೆಟ್ಟ ಇಟ್ಟುಕೊಂಡ ಮೈಸೂರು. ಸೆಕೆಯಿಲ್ಲ, ಚಳಿಯಿಲ್ಲ, ಬೆಳಿಗ್ಗೆ ಎದ್ದರೆ ಯಾರೋ ಮೆಟ್ಟಿಲು ತೊಳೆಯುವ ಸದ್ದು, ಹೆಂಗಸರು ಬಾಗಿಲಲ್ಲಿ ನಿಂತು ಎದುರು ಮನೆಯವರ ಬಗ್ಗೆ ಎದುರು ಮನೆಯವರಿಗೇ ಕೇಳುವ ಹಾಗೆ ಮಾತಾಡುವುದು. ಆ ಮೂರು ವರ್ಷದಲ್ಲಿ ಅವರು ಕಳೆದುಕೊಂಡದ್ದು ಒಂದು ಛತ್ರಿ, ಅದನ್ನೂ ಬಸ್ಸಿನ ಡ್ರೈವರ್ ಹುಡುಕಿಕೊಂಡು ಬಂದು ಕೊಟ್ಟಿದ್ದ. ಆದರೆ ಇಲ್ಲಿಯ ಊಟದ ಕೂಟಗಳಲ್ಲಿ ಛತ್ರಿಯ ಕಥೆಗೆ ಗಿರಾಕಿಗಳಿಲ್ಲ. ಹೋದ ಯುಗಾದಿಗೆ ಗಗನ್, ಹೋಳಿಗೆ ಬಾಯಲ್ಲಿಟ್ಟುಕೊಂಡು, "ಅಲ್ಲಿ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಜೊತೆ ಕೊಕೇನ್ ಪ್ಯಾಕೆಟ್ಟೂ ಹಾಕ್ತಿದ್ರಾ ಸರ್ಫರಾಜ್?" ಎಂದು ಕೇಳಿದ. ಸರ್ಫರಾಜ್ ಒಂದು ಕ್ಷಣವೂ ತಡೆಯದೆ, "ಹಾಲು ಒಂದೊಂದಿನ ತಪ್ತಿತ್ತು, ಅದು ತಪ್ತಿರ್ಲಿಲ್ಲ" ಎಂದ. ಎಲ್ಲರೂ ನಕ್ಕರು. ಅತಿಯಾಳೂ ನಕ್ಕಳು. ಗಗನನ ಹೆಂಡತಿ ಮೇಘನಾ ಮಾತ್ರ ಅವಳ ತೋಳು ಹಿಡಿದು, "ಪಾಪ, ಹೇಗೆ ಇದ್ರಿ ಅಲ್ಲಿ, ಅದೂ ಬಸುರಿ ಬಾಣಂತಿ" ಎಂದಾಗ ಅತಿಯಾ ಇದ್ದದ್ದನ್ನು ಹೇಳಬಹುದಿತ್ತು. ಹೇಳುವುದಕ್ಕೆ ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಯಾರೋ ಕೋಸಂಬರಿ ತಂದರು.

ಬಾಣಂತನದ ಕಥೆ ಅಂಪಾರೊಳದು. ಅವಳು ಕೆಳಗಿನ ಮನೆಯವಳು, ಗಂಡ ಸತ್ತವಳು, ಎಲ್ಲರೂ ಅವಳನ್ನು ದೋನ್ಯಾ ಎಂದೇ ಕರೆಯುತ್ತಿದ್ದರು, ನಾವು ಹಿರಿಯರಿಗೆ ಅಮ್ಮಾವ್ರೇ ಎನ್ನುವ ಹಾಗೆ. ಅತಿಯಾಳ ತಾಯಿಗೆ ಅಲ್ಲಿಗೆ ಬರಲು ವೀಸಾ ಸಿಗಲಿಲ್ಲ. ಆಸ್ಪತ್ರೆಯಿಂದ ಬಂದ ದಿನ ಅಂಪಾರೊ ಬಾಗಿಲು ತಟ್ಟದೆ ಒಳಗೆ ಬಂದಳು. ಫ್ಯಾನು ಆರಿಸಿದಳು, ಕಿಟಕಿ ಮುಚ್ಚಿದಳು, ಅತಿಯಾಳ ತಲೆಗೆ ಬಟ್ಟೆ ಸುತ್ತಿದಳು, ಕಿವಿಗೆ ಹತ್ತಿ ತುರುಕಿದಳು. ಅತಿಯಾ ದಂಗಾಗಿ ಕೂತಿದ್ದಳು. ನಲವತ್ತು ದಿನ ತಣ್ಣೀರು ಮುಟ್ಟಕೂಡದು, ಭಾರ ಎತ್ತಕೂಡದು, ಬಾಗಿಲ ಗಾಳಿಗೆ ನಿಲ್ಲಕೂಡದು, ಕೋಳಿ ಸಾರು ಬಿಟ್ಟು ಬೇರೆ ಮಾತಿಲ್ಲ. ಆ ದೇಶದ ಹೆಂಗಸರಿಗೂ ನಲವತ್ತೇ ದಿನ. ಮೈಸೂರಿನಿಂದ ವಿಡಿಯೋದಲ್ಲಿ ನೋಡುತ್ತಿದ್ದ ಅಮ್ಮಿ, ಮಗಳ ಕಿವಿಯ ಹತ್ತಿ ಕಂಡು ಗಳಗಳನೆ ಅತ್ತಳು. "ಅಲ್ಲಾ, ಇವಳು ನಮ್ಮೂರೋಳೇ ಕಣೆ" ಎಂದಳು. ಒಬ್ಬರ ಭಾಷೆ ಒಬ್ಬರಿಗೆ ಬಾರದ ಇಬ್ಬರು ಹೆಂಗಸರು ಆಮೇಲೆ ದಿನಾ ಫೋನು ಹಿಡಿದು ಮಾತಾಡುತ್ತಿದ್ದರು, ಏನು ಮಾತಾಡುತ್ತಿದ್ದರೋ. ಹಲಾಲ್ ಕೋಳಿ ಆ ಬಡಾವಣೆಯಲ್ಲಿ ಸಿಗುವುದಿಲ್ಲ ಎಂದದ್ದಕ್ಕೆ ಅಂಪಾರೊ ಸಂತೆಯಿಂದ ಜೀವಂತ ಹೇಂಟೆಯನ್ನೇ ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದಳು. ಆವರೆಗೆ ಸೊಳ್ಳೆಯನ್ನೂ ಸರಿಯಾಗಿ ಹೊಡೆಯದ ಸರ್ಫರಾಜ್ ಹಿತ್ತಲಲ್ಲಿ ಕತ್ತಿ ಹಿಡಿದು ನಡುಗುತ್ತಿದ್ದ. ಹೇಂಟೆಯ ಕಾಲು ಹಿಡಿದುಕೊಂಡು ಅಂಪಾರೊ, ಕಣ್ಣು ಮುಚ್ಚಬೇಡ, ನಿನ್ನ ದೇವರ ಹೆಸರು ಗಟ್ಟಿಯಾಗಿ ಹೇಳು, ಪಾಪ ಅದಕ್ಕೂ ಕೇಳಲಿ ಎಂದಳು. ಅವನು ಬಿಸ್ಮಿಲ್ಲಾ ಎಂದ, ಅವಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಆ ಸಾರಿನ ರುಚಿ ಅತಿಯಾಳ ನಾಲಗೆಯಲ್ಲಿ ಇನ್ನೂ ಇದೆ.

"ಅಮ್ಮಿ, ವೇರ್ ಆರ್ ವಿ ಗೋಯಿಂಗ್?" ಎಂದಳು ಅನಮ್, ಬೂಟು ಹಾಕಿಕೊಳ್ಳುತ್ತಾ.

"ಅಂಗಡಿಗೆ. ಬೇಗ ಬರೋಣ."

ಯಾರು ಬರುತ್ತಾರೆಂದು ಹೇಳಲಿಲ್ಲ. ಹೇಳಿದರೆ ಸಂಜೆ ಅವಳ ಅಬ್ಬುವಿಗೂ ಗೊತ್ತಾಗುತ್ತದೆ. ಏಳು ವರ್ಷದ ಹುಡುಗಿ, ಎರಡನೇ ಕ್ಲಾಸು, ಬಾಯಲ್ಲಿ ಒಂದು ಮಾತೂ ನಿಲ್ಲುತ್ತಿರಲಿಲ್ಲ. ನಿಲ್ಲುತ್ತಿರಲಿಲ್ಲ ಎನ್ನುವುದು ಈಗ ಹಳೆಯ ಮಾತು. ಇವಳಿಗೆ ಮೊದಲು ಬಂದ ಭಾಷೆ ಸ್ಪ್ಯಾನಿಷ್. ಅಂಪಾರೊಳ ಮಡಿಲಲ್ಲಿ ಕಲಿತದ್ದು. ಇಲ್ಲಿಗೆ ಬಂದ ಮೇಲೂ ಅತಿಯಾ ಅದನ್ನು ಬಿಡಿಸಲಿಲ್ಲ. ಆಮೇಲೆ ಇಲ್ಲೇ ಇದ್ದ ತನ್ನ ಮಗಳು ಯೆಸೇನಿಯಾಳ ಹೆರಿಗೆಗೆಂದು ಅಂಪಾರೊಳೇ ಇಲ್ಲಿಗೆ ಬಂದಳು. ಮಗಳ ಬಾಣಂತನಕ್ಕೆ ಪಾಸ್‌ಪೋರ್ಟಿನಲ್ಲಿ ಆರು ತಿಂಗಳ ಮುದ್ರೆ ಹಾಕಿಸಿಕೊಂಡು ಬರುವ ತಾಯಂದಿರನ್ನು ಸಿಯಾಟಲಿನ ಕನ್ನಡದವರಿಗೆ ಯಾರೂ ಪರಿಚಯಿಸಬೇಕಾಗಿಲ್ಲ. ಮೇಘನಾಳ ತಾಯಿಯೂ ಹಾಗೇ ಬಂದು, ಖಾರದ ಪುಡಿ ಕೊಟ್ಟು, ಹೋದರು. ಅಂಪಾರೊ ಹೋಗಲಿಲ್ಲ. ಮೊಮ್ಮಗನ ಹೃದಯದಲ್ಲಿ ತೂತು ಇತ್ತು, ಒಂದಾದ ಮೇಲೊಂದು ಆಪರೇಶನ್, ಯೆಸೇನಿಯಾ ಕೆಲಸ ಬಿಟ್ಟರೆ ಆಸ್ಪತ್ರೆಗೆ ಕಟ್ಟುವವರಿಲ್ಲ. ಮುದ್ರೆಯ ಆರು ತಿಂಗಳು ಕಳೆಯಿತು, ವರ್ಷ ಕಳೆಯಿತು, ಕಾಗದಪತ್ರವಿಲ್ಲದೆಯೇ ಅಂಪಾರೊ ಪಕ್ಕದ ರೆಂಟನ್ ಊರಿನ ಹೋಟೆಲಿನಲ್ಲಿ ಹಾಸಿಗೆ ಬದಲಿಸುವ ಕೆಲಸಕ್ಕೂ ಸೇರಿದಳು. ಶನಿವಾರ ಶನಿವಾರ ಬಂದು ಅನಮ್‌ಳ ತಲೆ ಬಾಚಿ, ಜಡೆ ಹೆಣೆದು, ತಿನಿಸಿ ಹೋಗುತ್ತಿದ್ದಳು. ಸರ್ಫರಾಜನೂ ಆಗ ಅವಳನ್ನು ಅಮ್ಮ ಎಂದೇ ಕರೆಯುತ್ತಿದ್ದ.

ಅವರು ಮೈಸೂರಿಗೆ ಹೋಗಿ ಬಂದ ಸಲ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಅನಮ್‌ಳ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ನೋಡಿ, ನಗುತ್ತಾ ಸ್ಪ್ಯಾನಿಷಿನಲ್ಲಿ ಏನೋ ಕೇಳಿದ. ಅನಮ್ ಅರಳಿಕೊಂಡಳು. ತಾನು ಆ ಊರಿನವಳೇ ಎಂದಳು, ಬೆಟ್ಟ ಹತ್ತುವ ತೂಗುಗಾಡಿಯ ಬಗ್ಗೆ ಹೇಳಿದಳು, ತನ್ನ ಅಜ್ಜಿಯೂ ಅಲ್ಲಿಯವಳೇ ಎಂದಳು. ಭಾರತದ ಪಾಸ್‌ಪೋರ್ಟ್, ಮುಸಲ್ಮಾನ ಹೆಸರು, ಕೊಲಂಬಿಯಾದ ಅಜ್ಜಿ. ಅವನ ನಗು ಹಾಗೇ ಇತ್ತು, ಕೈ ಮಾತ್ರ ಫೋನಿನ ಕಡೆ ಹೋಯಿತು. ನೆಲಕ್ಕೆ ಮೊಳೆ ಹೊಡೆದ ಕುರ್ಚಿಗಳಿದ್ದ ಕೋಣೆಯಲ್ಲಿ ಅವರನ್ನು ಕೂರಿಸಿದರು. ಸರ್ಫರಾಜ್ ಅಲ್ಲಿಯೂ ಒಂದು ತಮಾಷೆ ಹೇಳಿದ, ಯಾರೂ ನಗಲಿಲ್ಲ. ಅವನ ತಮಾಷೆಗೆ ಯಾರೂ ನಗದೇ ಇದ್ದುದನ್ನು ಅತಿಯಾ ನೋಡಿದ್ದು ಅದೇ ಮೊದಲು. ಅವನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ ರೀತಿಯನ್ನು ಅವಳು ಮರೆಯಲಾರಳು. ಕೊನೆಗೆ ಬಿಟ್ಟರು. ಮನೆಗೆ ಬಂದ ದಿನವೇ ಅವನು ಹೇಳಿದ, ಕನ್ನಡದಲ್ಲಿ ಹೇಳಿದ, ಯಾಕೆಂದರೆ ಮನೆಯಲ್ಲಿ ಮಗಳಿಗೆ ಅರ್ಧಂಬರ್ಧ ತಿಳಿಯುವ ಭಾಷೆ ಅದೊಂದೇ.

"ಇನ್ಮೇಲೆ ಹೊರಗಡೆ ಸ್ಪ್ಯಾನಿಷ್ ಬಂದ್. ಮನೇಲೂ ಬೇಡ. ಆಯಮ್ಮನಿಗೂ ಬರ್ಬೇಡಿ ಅಂತ ಹೇಳ್ಬಿಡು."

"ಆಯಮ್ಮ ಅಂತೀರಾ."

"ಏನನ್ಬೇಕು ಹೇಳು. ಗ್ರೀನ್ ಕಾರ್ಡ್ ಸಾಲಲ್ಲಿ ನಿಂತಿದೀವಿ ಅತಿಯಾ. ನಾಳೆ ಯಾವನೋ ಬಂದು ನಿಮ್ಮನೆಗೆ ಬರೋಳು ಯಾರು ಅಂದ್ರೆ? ನಾನೇನು ಕೆಟ್ಟೋನಾ? ನಂಗೆ ಗೊತ್ತಿಲ್ವಾ ಅವ್ರು ಏನು ಮಾಡಿದಾರೆ ಅಂತ?"

ಗೊತ್ತಿತ್ತು. ಅದಕ್ಕೇ ಅವನ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಂಪಾರೊಗೆ ಫೋನ್ ಮಾಡಿ, ಅನಮ್‌ಗೆ ಶನಿವಾರ ಈಜು ಕ್ಲಾಸು ಹಾಕಿದ್ದೇವೆ ಎಂದವಳು ಅತಿಯಾಳೇ. ಮಗಳನ್ನು ಪಳಗಿಸಿದವಳೂ ಅವಳೇ. ಸರ್ಫರಾಜ್ ಗದರಿ ಬಿಟ್ಟುಬಿಡುತ್ತಿದ್ದ, ಮಕ್ಕಳು ಗದರಿದ್ದನ್ನು ಮರೆಯುತ್ತಾರೆ. ಅತಿಯಾ ಮುದ್ದಿನಿಂದ ಹೇಳಿಕೊಟ್ಟಳು. ಪಾರ್ಕಿನಲ್ಲಿ, ಕಾರಿನಲ್ಲಿ, ಹಲ್ಲುಜ್ಜಿಸುವಾಗ. ಯಾರಾದರೂ ಆ ಭಾಷೆಯಲ್ಲಿ ಕೇಳಿದರೆ ಏನು ಹೇಳಬೇಕು? ಬರುವುದಿಲ್ಲ ಎನ್ನಬೇಕು. ನಗುತ್ತಾ ಕೇಳಿದರೆ? ಆಗಲೂ ಬರುವುದಿಲ್ಲ. ನಾವು ಯಾರು? ಇಂಡಿಯನ್ಸ್. ಮೊದಮೊದಲು ಅನಮ್ ನಗುತ್ತಿದ್ದಳು, ಆಮೇಲೆ ಪಾಠ ಒಪ್ಪಿಸುವಂತೆ ಹೇಳತೊಡಗಿದಳು. ಒಂದು ದಿನ ಅತಿಯಾ ಮಲಗಿಸುವಾಗ ಹಳೆಯ ಜೋಗುಳವೊಂದನ್ನು ಶುರು ಮಾಡಿದ್ದಕ್ಕೆ ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಅಂಪಾರೊಳ ಹೆಸರನ್ನು ಆ ಮೇಲೆ ಅವಳು ಎತ್ತಿಲ್ಲ. ಎಲ್ಲಿ ಹೋದಳು ಎಂದೂ ಕೇಳಿಲ್ಲ. ಕೇಳದಿರುವುದನ್ನು ಜಾಣತನವೆಂದು ಸರ್ಫರಾಜ್ ಹೊಗಳಿದ. ಅತಿಯಾಳಿಗೆ ಮಾತ್ರ ಒಮ್ಮೊಮ್ಮೆ, ಮಗಳು ಪುಸ್ತಕ ಓದುತ್ತಾ ಕೂತಾಗ, ಅವಳನ್ನು ನೋಡಲು ಭಯವಾಗುತ್ತಿತ್ತು.

ದಿನಸಿ ಅಂಗಡಿ ಇಳಿಜಾರಿನ ಕೆಳಗಿತ್ತು. ತುಂತುರು ಶುರುವಾಗಿತ್ತು. ಪಾರ್ಕಿಂಗಿನ ಆ ತುದಿಯಲ್ಲಿ, ತಳ್ಳುಗಾಡಿಗಳ ಚಪ್ಪರದ ಪಕ್ಕ, ಅಂಪಾರೊ ಆಗಲೇ ನಿಂತಿದ್ದಳು. ನೀಲಿ ಕೋಟು, ಕೈಯಲ್ಲೊಂದು ಬಟ್ಟೆಯ ಚೀಲ. ಕುಳ್ಳಗಾದಂತೆ ಕಂಡಳು. ಕೋಟೇ ದೊಡ್ಡದೋ ಏನೋ. ಅತಿಯಾ ಕಾರು ನಿಲ್ಲಿಸಿ ಬೆಲ್ಟ್ ಬಿಚ್ಚಿದಳು, ಬಾಗಿಲಿನ ಹಿಡಿಗೆ ಕೈ ಹಾಕಿದಳು. ಆಗ ಮೇಘನಾ ಕಂಡಳು. ಅಂಗಡಿಯ ಬಾಗಿಲಿಂದ ಹೊರಗೆ ಬಂದು, ತುಂಬಿದ ಗಾಡಿ ತಳ್ಳಿಕೊಂಡು, ಫೋನಿನಲ್ಲಿ ನಗುತ್ತಾ ತನ್ನ ಕಾರಿನ ಕಡೆ ಬರುತ್ತಿದ್ದಳು. ಮೇಘನಾ ಒಳ್ಳೆಯವಳು. ಇವಳನ್ನು ಕಂಡರೆ ಓಡಿ ಬರುತ್ತಾಳೆ, ಅಂಪಾರೊಳನ್ನು ಕಂಡರೆ ಯಾರು ಎನ್ನುತ್ತಾಳೆ, ಯಾಕೆ ಇಲ್ಲಿ ಮಳೆಯಲ್ಲಿ ನಿಲ್ಲಿಸಿದ್ದೀರಿ, ಮನೆಗೆ ಕರೆದುಕೊಂಡು ಹೋಗಬಾರದೇ ಎನ್ನುತ್ತಾಳೆ. ಅವಳಿಗೆ ಗೊತ್ತಾದರೆ ಗಗನ್‌ಗೆ ಗೊತ್ತಾಗುತ್ತದೆ, ಗಗನ್‌ಗೆ ಗೊತ್ತಾದರೆ ಮುಂದಿನ ಬ್ಯಾಡ್ಮಿಂಟನ್ನಿಗೆ ಸರ್ಫರಾಜನಿಗೆ. ಅತಿಯಾ ಕೈ ಹಿಂದಕ್ಕೆ ತೆಗೆದು ಸೀಟಿನಲ್ಲಿ ತಗ್ಗಿ ಕೂತಳು. ಮೇಘನಾಗೆ ಅವಸರವಿರಲಿಲ್ಲ. ಒಂದೊಂದೇ ಚೀಲ ಎತ್ತಿ ಡಿಕ್ಕಿಯಲ್ಲಿಟ್ಟಳು, ಮೊಟ್ಟೆಯ ಡಬ್ಬಿ ತೆರೆದು ಒಡೆದಿಲ್ಲವೆಂದು ನೋಡಿದಳು, ಗಾಡಿಯನ್ನು ಚಪ್ಪರದವರೆಗೆ ತಳ್ಳಿ, ಅಂಪಾರೊಗೆ ಒಂದು ಮುಗುಳ್ನಗೆ ಕೊಟ್ಟು, ವಾಪಸು ಬಂದು, ಕಾರಿನಲ್ಲಿ ಕೂತು ಮತ್ತೆ ಮಾತಾಡಿದಳು. ಮಗ ಸುಮುಖ್‌ಗೋ ಇನ್ನಾರಿಗೋ ಊಟಕ್ಕೇನು ಬೇಕೆಂದು ಕೇಳುತ್ತಿರಬೇಕು. ಅಂಪಾರೊ ಪ್ರತಿ ಕಾರನ್ನೂ ಕತ್ತೆತ್ತಿ ನೋಡುತ್ತಿದ್ದಳು. ಹಿಂದಿನ ಸೀಟಿನಲ್ಲಿ ಅನಮ್ ಗಾಜಿಗೆ ಮೂಗು ಒತ್ತಿ ಕೂತಿದ್ದಳು. ಅವಳಿಗೂ ಕಂಡಿರಬೇಕು.

ಮೇಘನಾಳ ಕಾರು ತಿರುವಿನಲ್ಲಿ ಮರೆಯಾದ ಮೇಲೆ ಅತಿಯಾ ಇಳಿದಳು, ಮಗಳ ಕೈ ಹಿಡಿದಳು. ಅರ್ಧ ದಾರಿ ಬಂದಿದ್ದರು. ಎರಡು ಕಾರುಗಳು, ಬೂದು ಬಣ್ಣದವು, ಯಾರ ಮನೆಯಲ್ಲೂ ಇರಬಹುದಾದಂಥವು, ಸದ್ದಿಲ್ಲದೆ ಬಂದು ಚಪ್ಪರದ ಎರಡೂ ಬದಿಗೆ ನಿಂತವು. ನಾಲ್ವರು ಇಳಿದರು. ಮುಖದ ಅರ್ಧಕ್ಕೆ ಬಟ್ಟೆ. ಓಡಲಿಲ್ಲ, ಕೂಗಲಿಲ್ಲ, ಗಾಡಿ ತೆಗೆದುಕೊಳ್ಳಲು ಹೋಗುವವರಂತೆ ಹೋದರು. ಒಬ್ಬ ಅಂಪಾರೊಳಿಗೆ ಏನೋ ಕೇಳಿದ. ಅವಳು ಚೀಲವನ್ನು ಎದೆಗೆ ಒತ್ತಿಕೊಂಡು ಉತ್ತರಿಸಿದಳು, ಆಮೇಲೆ ಅವನ ಭುಜದ ಮೇಲಿಂದ ಈ ಕಡೆ ನೋಡಿದಳು. ಅನಮ್‌ಳನ್ನು ಕಂಡದ್ದೇ ಅವಳ ಮುಖ ತಾನಾಗಿಯೇ ಬೆಳಗಿತು. ಮುಖಕ್ಕೆ ಯಾರು ಪಾಠ ಹೇಳಿಕೊಡಬೇಕು. ಕೂಡಲೇ ಅದನ್ನು ಆರಿಸಿ ನೆಲ ನೋಡಿದಳು, ಆದರೆ ಅಷ್ಟರಲ್ಲಿ ನಾಲ್ಕನೆಯವನು ಅವಳ ನೋಟದ ದಾರಿ ಹಿಡಿದು ತಿರುಗಿದ್ದ. ಹಿಂದಕ್ಕೆ ತಿರುಗಿದರೆ ಅನುಮಾನ, ಮುಂದಕ್ಕೆ ಹೋದರೆ ಅವನು. ಅತಿಯಾಳ ಕಾಲುಗಳು ಮುಂದಕ್ಕೇ ನಡೆದವು.

ಅವನು ಎದುರು ಬಂದ. ಹುಡುಗ, ಇಪ್ಪತ್ತೈದು ದಾಟಿರಲಿಕ್ಕಿಲ್ಲ, ಕಣ್ಣುಗಳು ಕಪ್ಪು, ಹುಬ್ಬು ದಟ್ಟ. ಮ್ಯಾಮ್, ಆ ಹೆಂಗಸು ನಿಮಗೆ ಗೊತ್ತೇ ಎಂದು ಇಂಗ್ಲಿಷಿನಲ್ಲಿ ಮರ್ಯಾದೆಯಿಂದ ಕೇಳಿದ. ಗೊತ್ತು ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು. ಗೊತ್ತು, ನನ್ನ ಕಿವಿಗೆ ಹತ್ತಿ ಇಟ್ಟವಳು, ಮುಂದಿನ ವಾರ ಅವಳೇ ಹೋಗುತ್ತಿದ್ದಾಳೆ, ಟಿಕೆಟ್ ಇದೆ, ಇಲ್ಲಿ ನಿಲ್ಲಿಸಿದವಳು ನಾನು. ಅತಿಯಾಳ ತಲೆಯಲ್ಲಿ ಎಲ್ಲ ವಾಕ್ಯಗಳೂ ಸಾಲಾಗಿ ಬಂದು ನಿಂತವು, ಸರ್ಫರಾಜ್ ತೊಡೆಯ ಕೆಳಗೆ ಕೈ ಇಟ್ಟುಕೊಂಡು ಕೂತದ್ದೂ ಬಂದು ನಿಂತಿತು.

"ನೋ," ಎಂದಳು. "ವಿ ಜಸ್ಟ್ ಕೇಮ್ ಫಾರ್ ಗ್ರೋಸರೀಸ್."

ಅವನು ತಲೆಯಾಡಿಸಿದ, ಹೋಗಬಹುದಿತ್ತು. ಹೋಗದೆ ಅನಮ್‌ಳ ಮುಂದೆ ಮಂಡಿ ಬಗ್ಗಿಸಿ ಕೂತ. ಸ್ಪ್ಯಾನಿಷಿನಲ್ಲಿ, ಮನೆಯಲ್ಲಿ ತಾಯಿಯಿಂದ ಕಲಿತವರ ಸ್ಪ್ಯಾನಿಷಿನಲ್ಲಿ ಕೇಳಿದ, "ಆ ಅಜ್ಜಿ ನಿಂಗೊತ್ತಾ ಪುಟ್ಟಿ?"

ಅತಿಯಾಳ ಕೈಯೊಳಗಿದ್ದ ಚಿಕ್ಕ ಕೈ ಒಂದು ಸಲ ಬಿಗಿಯಾಯಿತು, ಆಮೇಲೆ ಸಡಿಲವಾಯಿತು. ಅನಮ್ ಅವನ ಕಣ್ಣನ್ನೇ ನೋಡಿದಳು. ಮುಖದಲ್ಲಿ ಏನೂ ಇರಲಿಲ್ಲ. "ಐ ಡೋಂಟ್ ಸ್ಪೀಕ್ ಸ್ಪ್ಯಾನಿಷ್," ಎಂದಳು. "ವಿ ಆರ್ ಇಂಡಿಯನ್." ಎಲ್ಲಿಯೂ ತಡವರಿಸಲಿಲ್ಲ. ಅತಿಯಾಳ ಎದೆಯಲ್ಲಿ ಮೊದಲು ಎದ್ದದ್ದು ಸಮಾಧಾನ. ಅದರ ಬೆನ್ನಿಗೇ ಹೆಮ್ಮೆ. ತಾನು ಹೆತ್ತ ಮಗು ಸುಳ್ಳನ್ನು ಇಷ್ಟು ಶುದ್ಧವಾಗಿ ಹೇಳಿದ್ದಕ್ಕೆ ಹೆಮ್ಮೆಪಟ್ಟೆನೆಂಬುದು ತಿಳಿದಾಗ ಅವಳು ಮಗಳ ಮುಖದಿಂದ ಕಣ್ಣು ಕಿತ್ತುಕೊಂಡಳು.

ಅಂಪಾರೊಳನ್ನು ಕಾರಿನ ಕಡೆ ತಿರುಗಿಸುತ್ತಿದ್ದರು. ಕೈಗಳು ಬೆನ್ನ ಹಿಂದೆ ಇದ್ದವು. ಮಳೆ ಜೋರಾಗಿತ್ತು. ಅವಳು ಯಾರನ್ನೂ ನೋಡಲಿಲ್ಲ. ನೆಲವನ್ನು ನೋಡುತ್ತಾ, ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ಮಾತಾಡಿಕೊಳ್ಳುವ ದನಿಯಲ್ಲಿ, ಸ್ಪ್ಯಾನಿಷಿನಲ್ಲೇ, "ತಲೆ ನೆನೀತಿದೆ, ಹೊದ್ಕೋಬಾರ್ದಾ ಮಗು" ಎಂದಳು. ಅದು ಬಾಯಿಂದ ಬಿದ್ದುಹೋದ ಮಾತು, ಹೇಳಬೇಕೆಂದು ಹೇಳಿದ್ದಲ್ಲ. ಅನಮ್‌ಳ ಬಲಗೈ ತಾನಾಗಿ ಮೇಲೆ ಹೋಗಿ ಜಾಕೆಟ್ಟಿನ ಟೊಪ್ಪಿಯನ್ನು ತಲೆಯ ಮೇಲೆ ಎಳೆದುಕೊಂಡಿತು. ಮಂಡಿಯೂರಿ ಕೂತಿದ್ದವನು ಅದನ್ನು ನೋಡಿದ. ಟೊಪ್ಪಿಯನ್ನು ನೋಡಿದ, ಅನಮ್‌ಳ ಮುಖ ನೋಡಿದ, ಎದ್ದು ನಿಂತು ಅತಿಯಾಳನ್ನು ನೋಡಿದ. ಬಟ್ಟೆಯ ಮೇಲಿನ ಆ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ. ಗೊತ್ತಾಯಿತು ಬಿಡಿ ಎಂಬಂಥದ್ದೇನೋ ಇತ್ತು, ಕಳ್ಳರು ಕಳ್ಳರನ್ನು ನೋಡುವಂಥದ್ದು. "ಹ್ಯಾವ್ ಎ ಗುಡ್ ಡೇ, ಮ್ಯಾಮ್," ಎಂದು ಹೋದ. ಅತಿಯಾ ಥ್ಯಾಂಕ್ಯೂ ಎಂದಳು. ಥ್ಯಾಂಕ್ಯೂ ಎಂದಳು ಎಂಬುದನ್ನು ಅವಳು ಇನ್ನು ಬದುಕಿರುವವರೆಗೆ ಇಟ್ಟುಕೊಳ್ಳಬೇಕು.

ಅಂಗಡಿಗೆ ಬಂದವರು ಎಂದಿದ್ದರಿಂದ ಅಂಗಡಿಗೆ ಹೋಗಬೇಕಾಯಿತು. ಬೆಳಕು ಬೆಳ್ಳಗೆ ಸುರಿಯುತ್ತಿದ್ದ ಸಾಲುಗಳ ನಡುವೆ ಅವಳು ಖಾಲಿ ಗಾಡಿ ತಳ್ಳಿದಳು. ಬಾಳೆಹಣ್ಣು ಎತ್ತಿಕೊಂಡಳು, ವಾಪಸಿಟ್ಟಳು. ಎಲ್ಲೋ ಹಿಂದಿನಿಂದ ಯಾರೋ ನೋಡುತ್ತಿದ್ದಾರೆ ಎನಿಸಿತು. ತಿರುಗಿದರೆ ಬ್ರೆಡ್ಡು. ಅನಮ್ ಗಾಡಿಯ ಪಕ್ಕ, ಒಂದು ಕೈ ಅದರ ಕಂಬಿಗೆ ಇಟ್ಟುಕೊಂಡು, ಪುಸ್ತಕದಲ್ಲಿ ಬರೆದ ಮಗುವಿನ ಹಾಗೆ ನಡೆಯುತ್ತಿದ್ದಳು. ಟೊಪ್ಪಿ ತೆಗೆದಿರಲಿಲ್ಲ. ಬಿಸ್ಕತ್ತಿನ ಸಾಲು ಬಂದಾಗ ಬೇಕೇ ಎಂದು ಕೇಳಿದ್ದಕ್ಕೆ ಬೇಡವೆಂದು ತಲೆಯಾಡಿಸಿದಳು. ಕೊನೆಗೆ ಒಂದು ಹಾಲಿನ ಕ್ಯಾನು ತೆಗೆದುಕೊಂಡು ಹೊರಗೆ ಬಂದರೆ ಪಾರ್ಕಿಂಗಿನಲ್ಲಿ ಏನೂ ಇರಲಿಲ್ಲ. ಜನ ಬರುತ್ತಿದ್ದರು, ಹೋಗುತ್ತಿದ್ದರು, ಗಾಡಿಗಳು ಒಂದರೊಳಗೊಂದು ತೂರಿಕೊಳ್ಳುವ ಸದ್ದು. ಬಟ್ಟೆಯ ಚೀಲ ಚಪ್ಪರದ ಕಂಬಕ್ಕೆ ಒರಗಿ ನೆನೆಯುತ್ತಿತ್ತು. ಬಾಯಿ ತೆರೆದುಕೊಂಡಿದ್ದು ಒಳಗಿನಿಂದ ಹಳದಿ ಉಲ್ಲನ್ನಿನ ಒಂದು ತೋಳು ಹೊರಗೆ ಇಣುಕಿತ್ತು, ಏಳು ವರ್ಷದ ಮಗುವಿನ ಅಳತೆಯದು. ಅತಿಯಾ ಅದರ ಪಕ್ಕದಲ್ಲೇ ಹಾದು ಹೋದಳು. ಬಗ್ಗಲಿಲ್ಲ. ಎಲ್ಲಿಯಾದರೂ ಕ್ಯಾಮೆರಾ ಇರಬಹುದು.

ಕಾರಿನಲ್ಲಿ ಕೂತು ಕೀಲಿ ಹಾಕುವ ಹೊತ್ತಿಗೆ ಫೋನ್ ಬಂತು. ಯೆಸೇನಿಯಾ. ಅಂಪಾರೊಳ ಮಗಳ ಹೆಸರು ಪರದೆಯ ಮೇಲೆ ಮಿನುಗುತ್ತಿದ್ದರೆ ಅತಿಯಾಳ ಬೆರಳು ಅದರ ಮೇಲೆ ನಿಂತೇ ಇತ್ತು. ಅಂಪಾರೊಳನ್ನು ಯಾವ ಕಾರಿನಲ್ಲಿ, ಎಷ್ಟು ಹೊತ್ತಿಗೆ, ಎಲ್ಲಿಂದ ಕರೆದೊಯ್ದರೆಂಬುದು ಈ ಭೂಮಿಯ ಮೇಲೆ ತನಗೊಬ್ಬಳಿಗೇ ಗೊತ್ತು. ಬೇಗ ಹೇಳಿದರೆ ವಕೀಲರನ್ನಾದರೂ ಹಿಡಿಯಬಹುದು, ಬೇರೆ ರಾಜ್ಯಕ್ಕೆ ಸಾಗಿಸುವ ಮುಂಚೆ ಎಲ್ಲಿಟ್ಟಿದ್ದಾರೆಂದಾದರೂ ಹುಡುಕಬಹುದು. ಹೇಳಿದರೆ, ನೀವೆಲ್ಲಿದ್ದಿರಿ ಎಂದು ಅವಳು ಕೇಳುತ್ತಾಳೆ. ಅತಿಯಾ ಫೋನ್ ಎತ್ತಿದಳು. ಎಂಟು ತಿಂಗಳಿನಿಂದ ಮುಚ್ಚಿಟ್ಟ ಭಾಷೆಯಲ್ಲಿ, "ಹೇಳು ಯೆಸೇನಿಯಾ" ಎಂದಳು.

ಹಿಂದಿನಿಂದ ಅನಮ್ ಕಿರುಚಿದಳು. ಇವತ್ತು ಮೊದಲ ಸಲ ಅವಳ ದನಿ ಮಗುವಿನ ದನಿಯಾಗಿತ್ತು. "ನೋ ಅಮ್ಮಿ, ನಾಟ್ ಔಟ್‌ಸೈಡ್! ಇಂಗ್ಲಿಷ್! ಪ್ಲೀಸ್ ಅಮ್ಮಿ, ಇಂಗ್ಲಿಷ್!" ಎರಡೂ ಕೈ ಕಿವಿಗೊತ್ತಿಕೊಂಡು, ಬೆಲ್ಟಿನೊಳಗೆ ಮುದುಡಿ, ಕಿಟಕಿಯಾಚೆ ನೋಡುತ್ತಾ ಅಳತೊಡಗಿದಳು.

"ಅನಮ್ ಅಲ್ವಾ ಅದು?" ಎಂದಳು ಯೆಸೇನಿಯಾ. ಅವಳ ಹಿಂದೆ ಪಾತ್ರೆಗಳ ಸದ್ದು, ಕೆಲಸದಲ್ಲಿದ್ದಳು. "ಏನು ರಂಪ ಮಾಡ್ತಿದಾಳೆ. ಅಮ್ಮ ಜಡೆ ಹಾಕ್ತಿದಾಳೆ ಅಂತ ಕಾಣುತ್ತೆ, ಎಳೆದು ಎಳೆದು ಹಾಕ್ತಾಳೆ, ನನಗೂ ಹಾಗೇ ಮಾಡ್ತಿದ್ದಳು. ಅಬ್ಬಾ, ನಿಮ್ಮ ಜೊತೆ ಇದಾಳಲ್ಲ, ಸದ್ಯ. ಅಮ್ಮ ಫೋನ್ ಎತ್ತಲಿಲ್ಲ, ನಂಗೆ ಜೀವ ಹೋಗಿ ಬಂತು. ಸಂಜೆವರೆಗೂ ಅಲ್ಲೇ ಇರಲಿ ಸೆನ್ಯೋರಾ, ನಾನೇ ಬಂದು ಕರ್ಕೊಂಡು ಹೋಗ್ತೀನಿ. ನಿಮ್ಮ ಮನೆ ಒಂದು ಕಡೆ ಮಾತ್ರ ನಂಗೆ ಭಯ ಇಲ್ಲ." ಯಾರೋ ಅವಳನ್ನು ಕರೆದರು. ಬಂದೆ ಎಂದಳು, ಫೋನ್ ಇಟ್ಟಳು.

ಅತಿಯಾ ಕೈಯಲ್ಲಿದ್ದ ಫೋನನ್ನು ನೋಡುತ್ತಾ ಕೂತಳು. ಸಂಜೆಯವರೆಗೆ ಸಮಯವಿತ್ತು. ಸಂಜೆಯವರೆಗೆ ಯಾರೂ ಏನೂ ಕೇಳುವುದಿಲ್ಲ. ಮನೆಗೆ ಹೋಗಿ ಅನ್ನಕ್ಕಿಡಬಹುದು, ಸರ್ಫರಾಜ್ ಬರುತ್ತಾನೆ, ಒಳ್ಳೆ ಕೆಲಸ ಮಾಡಿದೆ, ಇನ್ನೇನು ಮಾಡಬಹುದಿತ್ತು ಎನ್ನುತ್ತಾನೆ, ಅವನು ಹೇಳುವುದು ಸರಿಯಾಗಿಯೇ ಇರುತ್ತದೆ. ಅನಮ್‌ಳ ಅಳು ಬಿಕ್ಕಳಿಕೆಗೆ ಇಳಿದಿತ್ತು. ಕನ್ನಡಿಯಲ್ಲಿ ಅವಳ ಕಣ್ಣುಗಳು ತಾಯಿಯ ಬೆರಳನ್ನೇ ಕಾಯುತ್ತಿದ್ದವು. ಅತಿಯಾಳಿಗೆ ಮಗಳ ಕಡೆ ತಿರುಗುವ ಧೈರ್ಯ ಬರಲಿಲ್ಲ. ಅವಳು ಅದೇ ನಂಬರನ್ನು ಒತ್ತಿದಳು. ಬಹಳ ಹೊತ್ತು ರಿಂಗಾಯಿತು. ಎತ್ತದಿರಲಿ ಎಂದು ಅವಳು ಬೇಡಿಕೊಂಡದ್ದು ನಿಜ.

"ಏನು ಸೆನ್ಯೋರಾ," ಎಂದಳು ಯೆಸೇನಿಯಾ, ನಗುತ್ತಾ. "ಆಗಲೇ ಅಮ್ಮನ ಜೊತೆ ಜಗಳವಾ?"

"ಯೆಸೇನಿಯಾ, ಅವರು ನನ್ನ ಹತ್ರ ಇಲ್ಲ," ಎಂದಳು ಅತಿಯಾ. ಆ ಭಾಷೆ ಬಾಯಲ್ಲಿ ದಪ್ಪಗಾಗಿತ್ತು. "ಕರ್ಕೊಂಡು ಹೋದ್ರು. ನಾನು ಅಲ್ಲೇ ನಿಂತಿದ್ದೆ. ಇವರು ಗೊತ್ತಾ ಅಂತ ನನ್ನ ಕೇಳಿದ್ರು, ನಾನು ಇಲ್ಲ ಅಂದೆ."

ಆ ಕಡೆಯ ನಗು ನಿಲ್ಲುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.